ಬರಿಮೈ ಬೋರಪ್ಪನ ಚಳಿ

ಮದಲೂರು ಕೆರೆ ಏರಿಯ ಕೆಳಗೆ ಸಂಜೀವಯ್ಯನ ಟೀ ಅಂಗಡಿ ಇದೆ. ಡಿಸೆಂಬರು ಬಂತೆಂದರೆ ಬೆಳಗಿನ ಹೊತ್ತು ಅಲ್ಲಿ ಕೂತವರು ಯಾರು ಯಾರು ಅಂತ ಮುಖ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಒಬ್ಬ ಮಫ್ಲರಿನೊಳಗೆ, ಇನ್ನೊಬ್ಬ ಮಂಕಿ ಟೋಪಿಯೊಳಗೆ, ಮತ್ತೊಬ್ಬ ಹೆಂಡತಿಯ ಶಾಲಿನೊಳಗೆ. ಕೆಮ್ಮು ಕೇಳಿ ಗುರುತು ಹಿಡಿಯಬೇಕು. ನಮ್ಮ ಕಡೆ ಅಂದರೆ ಬರೀ ಬಿಸಿಲು ಅಂದುಕೊಂಡವರು ಇದ್ದಾರಲ್ಲ, ಅವರು ಒಂದು ಸಲ ಮಾರ್ಗಶಿರದಲ್ಲಿ ಬಂದು ಹೊತ್ತು ಮೂಡುವ ಮುಂಚೆ ಆ ಏರಿಯ ಮೇಲೆ ನಿಲ್ಲಲಿ. ಆಮೇಲೆ ಮಾತಾಡೋಣ.

ಅಂಥ ಗಾಳಿಯೊಳಗೆ ಬೋರಪ್ಪ ಬರುತ್ತಿದ್ದ. ತೋಳಿಲ್ಲದ ಬನೀನು, ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೊಂದು ಟವಲು. ಟವಲಾದರೂ ಹೊದೆಯುವುದಕ್ಕಲ್ಲ, ಬಾಯಿ ಒರೆಸಿಕೊಳ್ಳುವುದಕ್ಕೆ. ಎಪ್ಪತ್ತರ ಹತ್ತಿರದ ಮೈ, ಆದರೂ ಬೆನ್ನು ನೆಟ್ಟಗೆ. ಅವನನ್ನು ಕಂಡ ಕೂಡಲೇ ಮಫ್ಲರುಗಳೆಲ್ಲ ಅಲುಗಾಡುತ್ತಿದ್ದವು.

"ಏನ್ ಬೋರಣ್ಣೋ, ಚಳಿ ನಿನ್ನ ಕಂಡು ಹೆದರ್ಕಂಡು ಓಡೋಯ್ತಂತೆ?" ಅಂತ ಸಂಜೀವಯ್ಯ ಶುರುಮಾಡುತ್ತಿದ್ದ.

"ಓಡೋಗಿ ನಿನ್ನ ಮಂಕಿ ಟೋಪಿ ಒಳಗೆ ಸೇರ್ಕಂಡೈತೆ, ತೆಗೆದು ನೋಡ್ಲಾ."

ಕುದಿಯುತ್ತಿದ್ದ ಟೀ ಸುರಿದ ಸ್ಟೀಲು ಲೋಟವನ್ನು ಬೋರಪ್ಪ ಬರಿಗೈಯಲ್ಲಿ ಗಬಕ್ಕನೆ ಹಿಡಿಯುತ್ತಿದ್ದ. ಉಳಿದವರು ಟವಲಿನ ತುದಿಯಲ್ಲಿ ಹಿಡಿದು ಉಫ್ ಉಫ್ ಅಂತ ಊದುತ್ತಿದ್ದರೆ ಇವನು ಮೂರು ಗುಟುಕಿಗೆ ಮುಗಿಸಿ ಲೋಟ ಕುಕ್ಕುತ್ತಿದ್ದ. ನೋಡಿದವರು "ಅಬ್ಬಾ, ಏನ್ ಗಟ್ಟಿ ಪಿಂಡನಪ್ಪ!" ಅನ್ನುತ್ತಿದ್ದರು. ಹಿಂದಿನ ವರ್ಷ ಕಳ್ಳಂಬೆಳ್ಳದ ಕಡೆಯ ನಾಲ್ಕು ಪಡ್ಡೆಗಳು ಇದನ್ನೇ ಮೊಬೈಲಿನಲ್ಲಿ ಹಿಡಿದು, ಹಿಂದುಗಡೆ ತಮಟೆ ಸದ್ದು ಸೇರಿಸಿ ಊರಿಗೆಲ್ಲ ಹಂಚಿದ್ದರು. ಅಂದಿನಿಂದ ಬೋರಪ್ಪ ಬರೀ ಬೋರಪ್ಪ ಅಲ್ಲ, ಬರಿಮೈ ಬೋರಪ್ಪ. ಹೊಗಳಿಕೆ ಯಾರಿಗೆ ಕಹಿ? ಅವನೂ ಆ ಹೆಸರನ್ನು ಮೀಸೆಗೆ ಎಣ್ಣೆ ಸವರಿಕೊಂಡ ಹಾಗೆ ಸವರಿಕೊಂಡು ಓಡಾಡುತ್ತಿದ್ದ.

ಆದರೆ ಈ ಬರಿಮೈ ಶುರುವಾದದ್ದು ಹೆಸರಿಗಾಗಿ ಅಲ್ಲ. ಅದನ್ನು ಹೇಳದೆ ಮುಂದಕ್ಕೆ ಹೋದರೆ ಬೋರಪ್ಪನಿಗೆ ಅನ್ಯಾಯ ಮಾಡಿದಂತೆ.

ಅವನ ಅಪ್ಪ ಕುರಿ ಕಾದವನು, ಅಪ್ಪನ ಅಪ್ಪನೂ ಕುರಿ ಕಾದವನು. ಹಟ್ಟಿಯ ಪಕ್ಕದಲ್ಲೇ ಅವರ ಕುರಿ ರೊಪ್ಪ, ಸುತ್ತ ಜಾಲಿ ಮುಳ್ಳಿನ ಬೇಲಿ, ಒಂದೇ ಒಂದು ಬಾಯಿ. ಕುರಿಗಳು ಈಯುವುದು ಸರಿಯಾಗಿ ಚಳಿಗಾಲದಲ್ಲಿ. ಹುಟ್ಟಿ ಎರಡು ಮೂರು ದಿನದ ಮರಿ ಅಂದರೆ ಏನಿರುತ್ತದೆ ಹೇಳಿ, ನಾಲ್ಕು ಕಡ್ಡಿ ಕಾಲು, ಒದ್ದೆ ಮೂತಿ. ಚಳಿ ಏರಿದಾಗ ಅದನ್ನು ಎತ್ತಿ ದೊಡ್ಡ ಬಿದಿರು ಮಂಕರಿಯೊಳಗೆ ಇಟ್ಟು, ಮೇಲೆ ಕಂಬಳಿ ಮುಚ್ಚಬೇಕು. ಇಷ್ಟೇ ತಾನೆ ಅನ್ನಬೇಡಿ. ಬೇಗ ಮುಚ್ಚಿದರೆ ಮರಿಗೆ ತಾಯಿಯ ಮೊಲೆ ತಪ್ಪುತ್ತದೆ. ಒಳಗೇ ಬೆವತು, ಆ ಒದ್ದೆಗೆ ಎದೆ ಕಟ್ಟಿ ಗೊರಗೊರ ಅನ್ನುತ್ತದೆ. ತಡಮಾಡಿದರೆ ಬೆಳಿಗ್ಗೆ ಎತ್ತಿದಾಗ ಕಟ್ಟಿಗೆಯ ಹಾಗೆ ಸೆಟೆದಿರುತ್ತದೆ. ಮುಚ್ಚುವ ಹೊತ್ತು ಯಾವುದು ಅಂತ ಗಡಿಯಾರ ಹೇಳುವುದಿಲ್ಲ. ಒಂದು ದಿನ ಮೋಡ, ಒಂದು ದಿನ ಮಂಜು, ಒಂದು ದಿನ ಕೆರೆ ಕಡೆಯ ಗಾಳಿ. ಚಳಿ ಬರುವ ಹೊತ್ತು ದಿನಕ್ಕೊಂದು.

ಅದಕ್ಕೆ ಬೋರಪ್ಪನ ಅಪ್ಪ ಕಂಡುಕೊಂಡ ದಾರಿ ಅವನ ಚರ್ಮ. ಮರಿ ಹಾಕುವ ಕಾಲದಲ್ಲಿ ರೊಪ್ಪದ ಬಾಯಿಗೆ ಅಡ್ಡಲಾಗಿ ಬರಿಮೈಯಲ್ಲಿ ಮಲಗುತ್ತಿದ್ದ. ಚಳಿ ಮೈಗೆ ತಾಗಿ ಎಚ್ಚರವಾದರೆ ಮರಿಗೂ ತಾಗಿದೆ ಅಂತ ಅರ್ಥ. ಎದ್ದು, ಮರಿ ಮುಚ್ಚಿ, ಕೊರಡಿನ ಬೆಂಕಿ ಕೆದಕಿ, ಆಮೇಲೆ ತಾನು ಕಂಬಳಿ ಹೊದೆಯುತ್ತಿದ್ದ.

ಬೋರಪ್ಪನಿಗೆ ಮೀಸೆ ಮೂಡುವ ಮುಂಚೆಯೇ ಅಪ್ಪ ಅವನನ್ನೂ ಅಲ್ಲಿ ಮಲಗಿಸಿದ. ಹುಡುಗ ಹಲ್ಲು ಕಟಕಟಿಸುತ್ತ ಅತ್ತ. ಕಂಬಳಿ ಬೇಕು ಅಂತ ಹಟ ಹಿಡಿದ.

"ಅಳ್ಬೇಡ್ಲಾ. ಮರಿ ಕಾಲದಾಗೆ ಕುರಿ ಕಾಯೋನು ಕಂಬಳಿ ಹೊದ್ರೆ ಆಗಕ್ಕಿಲ್ಲ. ನೀನು ಬೆಚ್ಚಗೆ ಮಲೀಕಂಡ್ರೆ ಅದುಕ್ಕೆ ಚಳಿ ಆಗಿದ್ದು ನಿನಗೆ ಯಾರ್ ಬಂದು ಹೇಳ್ತಾರೆ?" ಅಂದ ಅಪ್ಪ. ಹೇಳಿ, ಒಂದು ಮರಿಯನ್ನು ತಂದು ಹುಡುಗನ ಎದೆಗೆ ಅವುಚಿದ. ಮರಿ ನಡುಗುತ್ತಿತ್ತು, ಹುಡುಗನೂ ನಡುಗುತ್ತಿದ್ದ. ಇಬ್ಬರದೂ ಒಂದೇ ನಡುಕ ಅಂತ ಆವತ್ತು ಅವನಿಗೆ ಗೊತ್ತಾಯಿತು.

ಹಾಗೆ ಶುರುವಾದದ್ದು. ಕೊರಟಗೆರೆ ಕಡೆಯ ಹಟ್ಟಿಯಿಂದ ಕೆಂಪಕ್ಕ ಮದುವೆಯಾಗಿ ಬಂದಾಗ ಅವಳ ಸೋದರಮಾವ ತನ್ನ ಕೈಯಾರೆ ನೇಯ್ದ ಕರಿಕಂಬಳಿ ಕೊಟ್ಟು ಕಳಿಸಿದ್ದ. ಗಂಡ ಅದನ್ನು ಮುಟ್ಟಲಿಲ್ಲ. "ನಮ್ಮ ತವರಿನ ಕಂಬಳಿ ಅಂದ್ರೆ ಅಷ್ಟು ಅಸಡ್ಡೆನಾ?" ಅಂತ ಕೆಂಪಕ್ಕ ಮೂತಿ ಊದಿಸಿಕೊಂಡಳು. ಒಂದು ಬೆಳಗಿನ ಜಾವ ಎದ್ದು ಬಂದು ನೋಡಿದರೆ, ಆ ಕಂಬಳಿ ಮಂಕರಿಯ ಮೇಲಿತ್ತು, ಒಳಗೆ ಮರಿಗಳು ಒಂದರ ಮೇಲೊಂದು ಮಲಗಿದ್ದವು, ಗಂಡ ಮೈ ಉಜ್ಜಿಕೊಳ್ಳುತ್ತ ಬೆಂಕಿಯ ಮುಂದೆ ಕೂತಿದ್ದ. ಅವಳ ಸಿಟ್ಟು ಅಲ್ಲೇ ಇಳಿಯಿತು. ಆಮೇಲೆ ಆ ವಿಷಯಕ್ಕೆ ಅವಳು ಬಾಯಿ ಹಾಕಲಿಲ್ಲ. ಬೇರೆ ಎಲ್ಲ ವಿಷಯಕ್ಕೂ ಹಾಕಿದಳು, ಅದು ಬಿಡಿ.

ವರ್ಷಗಳು ಹೋದವು. ಬರಿಮೈ ಅಭ್ಯಾಸವಾಯಿತು. ಅಭ್ಯಾಸ ಕಂಡು ಜನ ಬೆರಗಾದರು, ಜನರ ಬೆರಗು ಕಂಡು ಬೋರಪ್ಪ ಉಬ್ಬಿದ. ರೊಪ್ಪದಲ್ಲಿ ಮಾತ್ರ ಇದ್ದದ್ದು ಟೀ ಅಂಗಡಿಗೆ ಬಂತು, ಶಿರಾ ಸಂತೆಗೆ ಹೋಯಿತು, ಕೊನೆಗೆ ಮೊಬೈಲಿಗೂ ಏರಿತು. "ನನಗೆ ಚಳಿ ಅನ್ನೋದೇ ಗೊತ್ತಿಲ್ಲ ಕಣ್ಲಾ" ಅನ್ನುವುದು ಅವನ ಬಾಯಿಪಾಠವಾಯಿತು. ಅಪ್ಪ ಯಾಕೆ ಬರಿಮೈಯಲ್ಲಿ ಮಲಗಿಸಿದ ಅನ್ನುವುದು ಎಲ್ಲೋ ಹಿಂದೆ ಬಿದ್ದುಹೋಯಿತು, ಅದನ್ನು ಅವನು ಎತ್ತಿಕೊಳ್ಳಲೂ ಇಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಸ್ನೇಹಲತಾ. ಮಗ ಚಿಕ್ಕರಾಜು ಮಧುಗಿರಿಗೆ ಲಗೇಜು ಆಟೋ ಓಡಿಸುವವನು, ಅವನ ಹೆಂಡತಿ. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿದ ಊರು ಅವಳದು. ಬಂಡೆ ಕಾದು ಕೆಂಡವಾಗುವ ಸೀಮೆಯಲ್ಲಿ ಹುಟ್ಟಿದ ಹುಡುಗಿಗೆ ಮದಲೂರಿನ ಕೆರೆ ಗಾಳಿ ಅಂದರೆ ಯಮ. ದೀಪಾವಳಿಗೇ ಗುಲಾಬಿ ಬಣ್ಣದ ಸ್ವೆಟರು ಹೊರಬರುತ್ತಿತ್ತು, ಅದರ ಮೇಲೆ ಶಾಲು, ಕಿವಿಗೆ ಗಂಡನ ಮಫ್ಲರು. ಒಲೆ ಮುಂದೆ ಕೂತರೆ ಏಳುತ್ತಿರಲಿಲ್ಲ. "ಅಮ್ಮೋ, ಏಮಿ ಚಲಿರಾ ದೇವುಡಾ" ಅಂತ ತವರಿನ ತೆಲುಗು ತಾನಾಗಿ ಬಾಯಿಗೆ ಬರುತ್ತಿತ್ತು.

ಬೋರಪ್ಪನಿಗೆ ಇದಕ್ಕಿಂತ ದೊಡ್ಡ ತಮಾಷೆ ಉಂಟೆ? "ಏನವ್ವ, ಈಗ್ಲೇ ಬಟ್ಟೆ ಅಂಗಡಿನೆಲ್ಲಾ ಮೈಮೇಲೆ ಹೇರ್ಕಂಡಿದೀಯ. ಸಂಕ್ರಾಂತಿಗೆ ಹಾಸಿಗೆ ಸುತ್ಕಂಡು ಓಡಾಡ್ತೀಯೇನು?"

"ನಗಿ ಮಾವ, ನಗಿ. ನಿಮ್ಮ ಚರ್ಮ ಎಮ್ಮೆದು, ನಂದು ಮನುಷ್ಯರದು" ಅನ್ನುತ್ತಿದ್ದಳು ಅವಳು. ಮಾವ ಗಹಗಹಿಸಿ ನಗುತ್ತಿದ್ದ. ಅವಳ ಮೇಲೆ ಅವನಿಗೆ ಪ್ರೀತಿ ಇತ್ತು, ಆದರೆ ಬೆಲೆ ಇರಲಿಲ್ಲ. ಇಷ್ಟು ಮೆತ್ತಗಿನ ಹುಡುಗಿ ಕುರಿ ಮನೆಗೆ ಯಾವ ಕೆಲಸಕ್ಕೆ ಬಂದಾಳು ಅಂತ ಅವನ ಲೆಕ್ಕ.

ಅವಳು ಮಾತ್ರ ಮಾವನನ್ನು ನೋಡುತ್ತಲೇ ಇದ್ದಳು. ಒಂದು ದಿನ ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು. ತಣ್ಣೀರು ಬೆರೆಸುವ ಮುಂಚೆಯೇ ಮಾವ ಒಂದು ಚೊಂಬು ಎತ್ತಿ ಕಾಲಿಗೆ ಸುರಿದುಕೊಂಡು "ಇನ್ನೂ ಉಗುರುಬೆಚ್ಚಗೈತಲ್ಲವ್ವ" ಅಂದ. ಕಾಲು ಕೆಂಪಗೆ ಬೆಂದಿತ್ತು. ಇನ್ನೊಂದು ದಿನ ಬೆಂಕಿಯ ಪಕ್ಕ ಕೂತವನ ಹಿಮ್ಮಡಿಗೆ ಕೆಂಡ ತಾಗಿ ವಾಸನೆ ಬಂತು, ಮೊದಲು ಮೂಗಿಗೆ ಗೊತ್ತಾದದ್ದು ಕೆಂಪಕ್ಕನಿಗೆ, ಕಾಲಿನ ಯಜಮಾನನಿಗಲ್ಲ.

"ಮಾವ, ಒಂದ್ಸಲ ಮಧುಗಿರಿಗೆ ಹೋಗಿ ತೋರಿಸ್ಕೊಂಡು ಬನ್ನಿ. ಇದು ಸರಿ ಕಾಣ್ತಿಲ್ಲ" ಅಂದಳು ಸ್ನೇಹಲತಾ.

"ಚಳಿಗೂ ಹೆದರಲ್ಲ, ಬಿಸಿಗೂ ಹೆದರಲ್ಲ. ಇದುಕ್ಕೂ ಡಾಕ್ಟ್ರೇ?" ಅಂತ ಅವನು ಎದ್ದುಹೋದ. ಆ ವರ್ಷ ಚಳಿಗಾಲ ಕಾಲಿಟ್ಟಾಗಲೂ ಅವನಿಗೆ ಏನೂ ಅನ್ನಿಸಲಿಲ್ಲ. "ಈ ಸಲ ಚಳಿಯೇ ಇಲ್ಲ ಕಣೇ" ಅಂತ ಹೆಂಡತಿಯ ಮುಂದೆ ಹೇಳಿದ. ಎರಡು ಕಂಬಳಿ ಹೊದ್ದು ಕೂತಿದ್ದ ಕೆಂಪಕ್ಕ ಅವನ ಮುಖವನ್ನೇ ನೋಡಿದಳು. ಮೈ ಗಟ್ಟಿಯಾಗುತ್ತಿದೆ ಅಂದುಕೊಂಡಿದ್ದ ಮಹಾರಾಯ, ಅದು ಮೊದ್ದಾಗುತ್ತಿದೆ ಅಂತ ಅವನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಪುಷ್ಯದ ಒಂದು ಬೆಳಿಗ್ಗೆ. ರೊಪ್ಪದ ಬಾಯಲ್ಲಿ ಮಲಗಿದ್ದ ಬೋರಪ್ಪನಿಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಎಷ್ಟೋ ವರ್ಷದ ಮೇಲೆ ಅಂಥ ನಿದ್ದೆ ಬಿದ್ದಿತ್ತು. ಆಹಾ ಅಂತ ಮೈ ಮುರಿದು, ಟವಲು ಕೊಡವಿ ಎದ್ದ. ಆಗ ಬೊಟ್ಟಿನ ಕುರಿಯ ಕೂಗು ಕೇಳಿಸಿತು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಆ ಕುರಿಗೆ ಹಿಂದಿನ ಎರಡು ಸಲವೂ ಗಬ್ಬ ಇಳಿದುಹೋಗಿತ್ತು; ಈ ಸಲ ಮರಿ ಉಳಿದಿದೆ ಅಂತ ಮನೆಯವರಿಗೆಲ್ಲ ಖುಷಿ. ಅದು ಮುಂಗಾಲಿನಿಂದ ಏನನ್ನೋ ಕೆರೆಯುತ್ತ, ನೆಕ್ಕುತ್ತ, ಮತ್ತೆ ಕೆರೆಯುತ್ತ ಕೂಗುತ್ತಿತ್ತು.

ಮರಿ ಸೆಟೆದಿತ್ತು. ಪಕ್ಕದಲ್ಲಿ ಇನ್ನೆರಡು ಹಾಗೇ ಬಿದ್ದಿದ್ದವು. ಹುಲ್ಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಕೂತಿತ್ತು. ಖಾಲಿ ಮಂಕರಿ, ಅದರ ಮೇಲೆ ಮಡಿಸಿಟ್ಟ ಕಂಬಳಿ, ಎಲ್ಲ ಇಟ್ಟ ಜಾಗದಲ್ಲೇ ಇದ್ದವು.

ಕೂಗಿಗೆ ಮನೆಯವರೆಲ್ಲ ಓಡಿಬಂದರು. "ಯಾವ್ದೋ ಹಾವು ಬಂದೈತೆ" ಅಂದ ಬೋರಪ್ಪ. ಕಚ್ಚಿದ ಗುರುತು ಹುಡುಕಿದ. "ಇಲ್ಲ, ರೋಗ. ಯಾರೋ ಹೊಸ ಕುರಿ ತಂದು ಮೇಯಿಸಿದಾರೆ, ಅವರಿಂದ ಬಂದೈತೆ" ಅಂದ. ಕೆಂಪಕ್ಕ ಸತ್ತ ಮರಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಸ್ನೇಹಲತಾ ಮೆತ್ತಗೆ ಹೇಳಿದಳು: "ಮಾವ, ರಾತ್ರಿ ವಿಪರೀತ ಚಳಿ ಇತ್ತು. ನನಗೆ ಎರಡು ಕಂಬಳಿ ಹೊದ್ರೂ ನಿದ್ದೆ ಬರ್ಲಿಲ್ಲ."

"ನಿನಗೆ ಯಾವತ್ತು ಚಳಿ ಇರಕ್ಕಿಲ್ಲ ಹೇಳು! ನಿನಗೆ ಬ್ಯಾಸಿಗೆನಾಗೂ ಚಳಿನೇ! ಕುರಿ ವಿಷಯ ನಿನಗೇನ್ ಗೊತ್ತು?" ಅಂತ ಬೋರಪ್ಪ ಅಬ್ಬರಿಸಿದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವಳಿಗೆ ಬೈದದ್ದಲ್ಲ ಅದು, ತನಗೆ ತಾನೇ ಹೇಳಿಕೊಳ್ಳಲಾರದ್ದನ್ನು ಅವಳ ಮೇಲೆ ಎಸೆದದ್ದು. ಅವನಿಗೂ ಅದು ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ದನಿ ಅಷ್ಟು ಏರಿತ್ತು.

ಚಿಕ್ಕರಾಜು ಅಪ್ಪನ ಮಾತು ಕೇಳುತ್ತ ಕೂರಲಿಲ್ಲ. ಆಟೋದಲ್ಲಿ ಕೂರಿಸಿಕೊಂಡು ಮಧುಗಿರಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಮಾಧಾನದವರು. ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಸುಮಾರು ವರ್ಷದಿಂದ ಇದೆ ಅಂದರು. ಆಮೇಲೆ ಬೋರಪ್ಪನನ್ನು ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಗಡುಸು ದಾರದ ತುದಿಯಿಂದ ಪಾದ ಮುಟ್ಟಿದರು.

"ಮುಟ್ಟಿದಾಗ ಹೇಳಿ ಅಜ್ಜ."

ಬೋರಪ್ಪ ಕಣ್ಣು ಮುಚ್ಚಿಕೊಂಡು ಕಾಯ್ದ. ಕಾಯ್ದೇ ಕಾಯ್ದ. ಕೊನೆಗೆ ತಡೆಯಲಾರದೆ, "ಮುಟ್ಟಿ ತಾಯಿ, ಎಷ್ಟೊತ್ತು ಇಂಗೇ ಮಲಗಿರಾನ?" ಅಂದ.

ಬೋರಪ್ಪ ಕಣ್ಣು ತೆರೆದಾಗ ದಾರ ಅವನ ಹೆಬ್ಬೆರಳಿನ ಮೇಲೆ ಬಾಗಿ ನಿಂತಿತ್ತು. ಮಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ.

"ವಯಸ್ಸು, ಸಕ್ಕರೆ ಎರಡೂ ಸೇರಿ ಕೈಕಾಲಿನ ಸ್ಪರ್ಶ ಹೋಗಿದೆ ಅಜ್ಜ. ಬಿಸಿ, ತಣ್ಣಗೆ ಎರಡೂ ನಿಮಗೆ ಸರಿಯಾಗಿ ಗೊತ್ತಾಗೋದಿಲ್ಲ. ಮಾತ್ರೆ ಕೊಡ್ತೀನಿ, ಇನ್ನೂ ಹೆಚ್ಚಾಗದ ಹಾಗೆ ನೋಡ್ಕೋಬಹುದು. ಆದರೆ ಇನ್ನುಮೇಲೆ ನೀವು ಚಳೀಲಿ ಮೈಮೇಲೆ ಬಟ್ಟೆ ಇಲ್ಲದೆ ಇರಲೇಬಾರದು. ಗೊತ್ತಾಗದಿರೋರು ಗೊತ್ತಾಗೋರಿಗಿಂತ ಜಾಸ್ತಿ ಹೊದ್ಕೋಬೇಕು" ಅಂದರು ಡಾಕ್ಟರು.

ವಾಪಸು ಬರುವಾಗ ಆಟೋ ಮಧುಗಿರಿ ಬೆಟ್ಟ ದಾಟಿತು. ದೊಡ್ಡ ಬೋಳು ಬಂಡೆ ಬಿಸಿಲಲ್ಲಿ ಸುಮ್ಮನೆ ನಿಂತಿತ್ತು. ಅವನು ಒಂದು ಕೈಯಿಂದ ಇನ್ನೊಂದು ಕೈಯನ್ನು ಚಿವುಟಿ ಚಿವುಟಿ ನೋಡಿಕೊಳ್ಳುತ್ತಿದ್ದ. ಆಮೇಲೆ ಹೇಳಿದ: "ಕುರಿ ಮಾರ್ಬುಡಾನ ಕಣ್ಲಾ ರಾಜ."

"ಯಾಕಪ್ಪೋ ಅಂಗಂತೀಯ?"

"ಇನ್ನೇನ್ಲಾ ಮತ್ತೆ? ಚರ್ಮ ಸತ್ತೋನು ಮರಿ ಕಾಯಕ್ಕಾಯ್ತದಾ? ಬೊಟ್ಟಿನ ಕುರಿ ನನ್ನ ಮಕ ನೋಡ್ತದೆ ಕಣ್ಲಾ. ತಡ್ಕಳಕ್ಕಾಯ್ತಿಲ್ಲ."

ಮಗನಿಗೆ ಆಟೋ ಬಿಟ್ಟು ಕುರಿ ಕಾಯಲು ಬಾರದು. ಆದರೂ ಅಪ್ಪನಿಂದ ಕುರಿ ಕಿತ್ತರೆ ಅಪ್ಪ ಉಳಿಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಮೊಬೈಲಿನಲ್ಲಿ ಎಷ್ಟು ಚಳಿ ಅಂತ ನೋಡುವುದನ್ನು ತೋರಿಸಿಕೊಟ್ಟ. ಅದು ಶಿರಾ ಪೇಟೆಯ ಚಳಿ ಹೇಳುತ್ತಿತ್ತು, ಕೆರೆ ಕೆಳಗಿನ ರೊಪ್ಪದ ಚಳಿ ಅದಕ್ಕೇನು ಗೊತ್ತು? ಅಲಾರಂ ಇಟ್ಟುಕೊಟ್ಟ. ಬೆಚ್ಚಗಿದ್ದ ದಿನವೂ ಅದು ಬಡಕೊಂಡು ಬೋರಪ್ಪ ಮರಿಗಳನ್ನು ಮುಚ್ಚಿ, ಎರಡಕ್ಕೆ ಎದೆ ಕಟ್ಟಿತು. ಗೋಣಿಚೀಲ ಹರಿದು ಮರಿಗಳಿಗೆ ಅಂಗಿ ಹೊಲಿದದ್ದೂ ಆಯಿತು. ಗೋಣಿಯ ವಾಸನೆಗೆ ತಾಯಿಕುರಿಗಳು ಇದು ನನ್ನದಲ್ಲ ಅಂತ ಒದ್ದು ಓಡಿಸಿದವು. ಕೊನೆಗೆ ಬೋರಪ್ಪ ತಾನೇ ಫೋನು ಮಾಡಿಸಿ, ಶಿರಾದ ಕುರಿ ವ್ಯಾಪಾರಿ ಖಲೀಲ್ ಸಾಬರಿಗೆ ಹೇಳಿ ಕಳಿಸಿದ. ಅಮಾವಾಸ್ಯೆ ಕಳೆಯಲಿ, ಬಂದು ಹಟ್ಟಿ ಸಮೇತ ಹೊಡೆದುಕೊಂಡು ಹೋಗುತ್ತೇನೆ ಅಂದರು ಅವರು, ತಮಾಷೆಗೆ. ಬೋರಪ್ಪನಿಗೆ ನಗು ಬರಲಿಲ್ಲ.

ರೊಪ್ಪದ ಬಾಯಿ ಬಿಟ್ಟು ಮನೆಯ ಜಗುಲಿಯಲ್ಲಿ ಮಲಗತೊಡಗಿದ, ಟೀ ಅಂಗಡಿಗೆ ಹೋಗುವುದನ್ನೂ ಬಿಟ್ಟ. ಹೋದರೆ ಯಾರಾದರೂ "ಗಟ್ಟಿ ಪಿಂಡ" ಅಂದುಬಿಟ್ಟರೆ ಅಂತ ಭಯ. ಕೆಂಪಕ್ಕ ಅವನ ಮೇಲೆ ಕಂಬಳಿ ಹೊದಿಸಿದರೆ ಬೇಡ ಅನ್ನುತ್ತಿರಲಿಲ್ಲ, ಕಿತ್ತರೂ ಕೇಳುತ್ತಿರಲಿಲ್ಲ.

ಒಂದು ವಿಚಿತ್ರ ಮಾತ್ರ ನಡೆಯುತ್ತಿತ್ತು. ಆಮೇಲೆ ಒಂದು ಮರಿಯೂ ಸಾಯಲಿಲ್ಲ. ಅಲಾರಂ ಕೂಗಿ ಬೋರಪ್ಪ ಎದ್ದು ನೋಡಿದರೆ ಕೆಲವು ದಿನ ಮರಿಗಳು ಆಗಲೇ ಮಂಕರಿಯಲ್ಲಿ ಬೆಚ್ಚಗಿರುತ್ತಿದ್ದವು. ಕೆಲವು ದಿನ ಮುಚ್ಚದೆ ತಾಯಿಯ ಹತ್ತಿರವೇ ಇರುತ್ತಿದ್ದವು, ಇದ್ದರೂ ಚೂಟಿಯಾಗಿರುತ್ತಿದ್ದವು. "ನೀನೇನೇ?" ಅಂತ ಕೆಂಪಕ್ಕನನ್ನು ಕೇಳಿದ.

"ನನ್ನ ಮಂಡಿ ನೋವಿಗೆ ನಾನೆಲ್ಲಿ ಎದ್ದು ಬರ್ಲಿ? ನಿನ್ನ ಕುರಿ, ನೀನೇ ನೋಡ್ಕೋ ಹೋಗು" ಅಂದಳು ಅವಳು, ಬೇರೆ ಕಡೆ ನೋಡುತ್ತ.

ಖಲೀಲ್ ಸಾಬರು ಬರಬೇಕಾದ ದಿನ ಬೋರಪ್ಪನಿಗೆ ಅಲಾರಮ್ಮಿಗೆ ಮುಂಚೆಯೇ ಎಚ್ಚರವಾಯಿತು. ಕೊನೆಯ ದಿನ ಅಲ್ಲವೆ, ಸಂಕಟಕ್ಕೆ ನಿದ್ದೆ ಎಲ್ಲಿಂದ ಬರಬೇಕು. ಮೂಡಲು ಇನ್ನೂ ಬೂದಿ ಬಣ್ಣ. ರೊಪ್ಪದ ನಡುವೆ ಯಾರೋ ನಿಂತಿದ್ದರು. ಬೋರಪ್ಪ ಕೋಲು ಎತ್ತಿಕೊಂಡು ಹತ್ತಿರ ಹೋದ.

ಸ್ನೇಹಲತಾ. ಮೈಮೇಲೆ ತೆಳ್ಳಗಿನ ಒಂದು ಸೀರೆ. ಶಾಲಿಲ್ಲ, ಮಫ್ಲರಿಲ್ಲ. ಗುಲಾಬಿ ಸ್ವೆಟರು ಗೂಟಕ್ಕೆ ನೇತುಬಿದ್ದಿತ್ತು. ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡುಗುತ್ತ ನಿಂತಿದ್ದಳು.

"ಲೇ ತಾಯಿ! ನಿನಗೇನ್ ತಲೆಗಿಲೆ ಕೆಟ್ಟೈತಾ? ಇಂಥ ಹೊತ್ನಾಗೆ ಇಂಗ್ ಬಂದು ನಿಂತಿದೀಯಲ್ಲ, ಸ್ವೆಟರ್ ಯಾಕ್ ಬಿಚ್ಚಾಕಿದೀಯ?"

ಅವಳಿಗೆ ಹಲ್ಲು ಕಟಕಟ ಅಂದು ಮಾತು ಸರಿಯಾಗಿ ಬರಲಿಲ್ಲ. "ಹಾ... ಹಾಕ್ಕೊಂಡ್ ಬಂದ್ರೆ ನನಗೂ ಗೊತ್ತಾಗಲ್ವಲ್ಲ ಮಾವ."

"ಏನ್ ಗೊತ್ತಾಗಕ್ಕಿಲ್ಲ?"

"ಮರಿಗೆ ಚಳಿ ಆಯ್ತೋ ಇಲ್ವೋ ಅಂತ."

ಬೋರಪ್ಪ ಕೋಲು ಕೆಳಗಿಟ್ಟ. "ಯಾರವ್ವ ಹೇಳ್ಕೊಟ್ಟಿದ್ದು ನಿನಗೆ ಇದನ್ನ?"

"ಅತ್ತೆ ಹೇಳಿದ್ರು, ಮರಿ ಸತ್ತ ದಿನ. ನೀವು ಇಷ್ಟು ವರ್ಷ ಬನೀನಲ್ಲಿ ಮಲಗ್ತಿದ್ದಿದ್ದು ಯಾಕೆ ಅಂತ. ನನಗೆ ಗೊತ್ತೇ ಇರ್ಲಿಲ್ಲ ಮಾವ. ನೀವು ಯಾವಾಗ್ಲೂ ನಿಮಗೆ ಚಳೀನೇ ಇಲ್ಲ ಅಂತಿದ್ರಿ."

ಆ ಮಾತು ಬೋರಪ್ಪನ ಎದೆಗೆ ನೇರ ಹೋಯಿತು. ಹೌದಲ್ಲ, ಅಪ್ಪ ಅವನನ್ನು ಬರಿಮೈಯಲ್ಲಿ ಮಲಗಿಸಿದ್ದು ಚಳಿ ತಾಗಲಿ ಅಂತ. ಅವನು ಊರಲ್ಲೆಲ್ಲ ಸಾರಿಕೊಂಡು ಬಂದದ್ದು ಚಳಿಯೇ ಇಲ್ಲ ಅಂತ. ನಡುಗುವುದೇ ಅವನ ಕೆಲಸವಾಗಿತ್ತು, ನಡುಗುವವರನ್ನು ಕಂಡು ನಕ್ಕುಬಿಟ್ಟಿದ್ದ. ಈ ಮನೆಯಲ್ಲಿ ಅಪ್ಪನ ಕೆಲಸಕ್ಕೆ ಸರಿಯಾದ ಮೈ ಇದ್ದದ್ದು ಇವಳೊಬ್ಬಳಿಗೆ.

ಬಗ್ಗಿ ಒಂದು ಮರಿಯನ್ನು ಎತ್ತಿಕೊಂಡ. ಕುರಿಯವರು ಮಾಡುವ ಹಾಗೆ ಅದರ ಬಾಯೊಳಗೆ ಬೆರಳಿಟ್ಟು ನೋಡಿದ. ಬಾಯಿ ತಣ್ಣಗಿದ್ದರೆ ಮರಿ ಸೋಲುತ್ತಿದೆ ಅಂತ ಲೆಕ್ಕ. ಬೆರಳಿಗೆ ಏನೂ ಗೊತ್ತಾಗಲಿಲ್ಲ. ಮರಿಯನ್ನು ಸೊಸೆಯ ಕಡೆ ಚಾಚಿದ. "ನೀನು ಬೆಳ್ಳು ಇಟ್ಟು ನೋಡವ್ವ."

ಸ್ನೇಹಲತಾ ಬೆರಳಿಟ್ಟಳು. "ತಣ್ಣಗಿದೆ ಮಾವ. ಇದನ್ನ ಮೊದಲು ಮುಚ್ಚಿ." ಇನ್ನೊಂದನ್ನು ನೋಡಿದಳು. "ಇದು ಬೆಚ್ಚಗಿದೆ. ಹಾಲು ಕುಡೀಲಿ, ಬಿಡಿ."

ಅವಳು ಹೇಳುತ್ತ ಹೋದಳು, ಅವನು ಮುಚ್ಚುತ್ತ ಹೋದ. "ಕಂಬಳಿ ಪೂರಾ ಬಿಗಿಯಾಗಿ ಎಳೀಬಾರ್ದು ಕಣವ್ವ, ಈ ಕಡೆ ಒಂದು ಅಂಗೈಯಷ್ಟು ಗಾಳಿಗೆ ಬುಡ್ಬೇಕು, ಇಂಗೆ" ಅಂತ ತೋರಿಸಿದ. ಅವಳು ಅದನ್ನು ನೋಡಿಕೊಂಡಳು. ಎಲ್ಲ ಮುಗಿದ ಮೇಲೆ ಬೋರಪ್ಪ ಗೂಟದಿಂದ ಸ್ವೆಟರು ತೆಗೆದು ಅವಳಿಗೆ ಕೊಡಲು ಹೋದ.

"ನನಗೆ ಒಳಗೆ ಶಾಲಿದೆ, ಒಲೆ ಇದೆ. ಇದು ನಿಮಗೆ" ಅಂದಳು ಅವಳು. "ಡಾಕ್ಟ್ರು ಏನಂದ್ರು ನೆನಪಿಲ್ವಾ? ಕೈ ಮೇಲೆತ್ತಿ."

"ಥೂ, ಬಣ್ಣ ನೋಡೇ ಇದರದ್ದು!"

"ಕೈ ಎತ್ತಿ ಮಾವ, ಸುಮ್ನಿರಿ."

ಬೋರಪ್ಪ ಕೈ ಎತ್ತಿದ.

ಹೊತ್ತು ಏರಿದ ಮೇಲೆ ಖಲೀಲ್ ಸಾಬರು ಗಾಡಿ ತಗೊಂಡು ಬಂದರು. ಗುಲಾಬಿ ಸ್ವೆಟರಿನ ಬೋರಪ್ಪನನ್ನು ಮೇಲಿಂದ ಕೆಳಕ್ಕೆ ನೋಡಿ ಗಡ್ಡ ನೀವಿಕೊಂಡರು. "ಕುರಿ ಕೊಡಕ್ಕಿಲ್ಲ ಸಾಬ್ರೆ. ಅಷ್ಟು ದೂರದಿಂದ ಕರೆಸ್ಬುಟ್ಟೆ, ಬೇಜಾರು ಮಾಡ್ಕಬೇಡಿ" ಅಂದ ಬೋರಪ್ಪ. "ಅರೆ, ನೀನು ಫೋನ್ ಮಾಡಿದಾಗ್ಲೇ ನನಗೆ ಶಕ್ ಇತ್ತು. ಖಾಲಿ ಗಾಡೀನೇ ತಂದಿದೀನಿ, ಹಗ್ಗ ಕೂಡ ತಂದಿಲ್ಲ" ಅಂತ ಸಾಬರು ನಕ್ಕರು. ಕೆಂಪಕ್ಕ ಕೊಟ್ಟ ಮಜ್ಜಿಗೆ ಕುಡಿದು ಹೊರಟುಹೋದರು.

ಮಾರನೆಯ ದಿನ ಬೆಳಿಗ್ಗೆ ಬೋರಪ್ಪ ಸಂಜೀವಯ್ಯನ ಟೀ ಅಂಗಡಿಗೆ ಬಂದ. ಮೊದಲು ಯಾರೂ ಗುರುತೇ ಹಿಡಿಯಲಿಲ್ಲ. ಗುಲಾಬಿ ಸ್ವೆಟರು, ಕಾಲಿಗೆ ಮಗನ ಸಾಕ್ಸು, ತಲೆಗೆ ಕಟ್ಟಿದ ಟವಲು. ಗುರುತು ಸಿಕ್ಕಿದ ಮೇಲೆ ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬ ಮೊಬೈಲು ಎತ್ತಿದ.

"ಬರಿಮೈ ಬೋರಣ್ಣಂಗೂ ಚಳಿ ಹತ್ಕಂಡ್ ಬುಡ್ತಲ್ಲಪ್ಪೋ!" ಅಂದ ಸಂಜೀವಯ್ಯ.

ಇನ್ನೊಂದು ಕಾಲವಾಗಿದ್ದರೆ ಇದಕ್ಕೆ ಎರಡರಷ್ಟು ಜವಾಬು ಬೀಳುತ್ತಿತ್ತು. ಬೋರಪ್ಪ ಬೆಂಚಿನ ಮೇಲೆ ಕೂತ. "ಹತ್ಲಿಲ್ಲ ಕಣ್ಲಾ ಸಂಜೀವ. ಅದೇ ತೊಂದ್ರೆ. ನನಗೆ ಚಳಿ ಗೊತ್ತಾಗಕ್ಕಿಲ್ಲ, ಬಿಸಿನೂ ಗೊತ್ತಾಗಕ್ಕಿಲ್ಲ. ಗೊತ್ತಾಗ್ದೆ ಮೂರು ಮರಿ ಸಾಯಿಸ್ಬುಟ್ಟೆ. ಈಗ ಚಳಿ ನೋಡ್ಕಳ್ಳೋಳು ನನ್ನ ಸೊಸೆ. ಹೊದ್ಕಳ್ಳೋನು ನಾನು."

ಎತ್ತಿದ ಮೊಬೈಲು ಕೆಳಗಿಳಿಯಿತು. ಸಂಜೀವಯ್ಯ ಅವನಿಗೆ ಅಂತ ಟೀ ಸೋಸಿ ಲೋಟಕ್ಕೆ ಸುರಿದ.

"ನನಗಲ್ಲ, ಮನೆಗೆ. ಹುಡುಗಿ ನಡುಗ್ತಾ ನಿಂತವ್ಳೆ" ಅಂತ ಬೋರಪ್ಪ ತಂದಿದ್ದ ಹಿಡಿಕೆಯ ತೂಕು ಪಾತ್ರೆಯನ್ನು ಮುಂದಿಟ್ಟ. ಸಂಜೀವಯ್ಯ ತುಂಬಿಸಿ ಮುಚ್ಚಳ ಹಾಕಿದ. ಬೋರಪ್ಪ ಅದನ್ನು ಎರಡು ಕೈಯಲ್ಲೂ ಹಿಡಿದು ನೋಡಿದ. ತಿರುಗಿಸಿ ನೋಡಿದ. ಆಮೇಲೆ ಎಲ್ಲರ ಎದುರಿಗೇ ಅದನ್ನು ಸಂಜೀವಯ್ಯನ ಕಡೆ ಚಾಚಿದ.

"ಬಿಸಿ ಐತೇನ್ಲಾ? ಮುಟ್ಟಿ ಹೇಳು."

ಸಂಜೀವಯ್ಯ ಮು‌ಟ್ಟಿ, ಚುರ್ ಅಂತ ಕೈ ಹಿಂದಕ್ಕೆ ಎಳೆದುಕೊಂಡ. "ಸುಡ್ತೈತೆ ಕಣಣ್ಣೋ. ಟವಲಾಗೆ ಹಿಡ್ಕೋ. ಬಿರ್ನೆ ಹೋಗು."

ಬೋರಪ್ಪ ತಲೆಯ ಟವಲು ಬಿಚ್ಚಿ ಪಾತ್ರೆಗೆ ಸುತ್ತಿಕೊಂಡು ಏರಿಯ ಕಡೆ ಬಿರಬಿರನೆ ನಡೆದ.